ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಗುಳ್ಳದ ಹುಳಿ

ಆದಿಉಡುಪಿಯ ಬುಧವಾರದ ಸಂತೆಯಲ್ಲಿ ಗುಳ್ಳ ಬದನೆ ಆರಿಸುವಾಗ ಮೊದಲು ತೊಟ್ಟು ನೋಡಿ. ಕಟಪಾಡಿ ಪಕ್ಕದ ಮಟ್ಟು ಗ್ರಾಮದ ಗುಳ್ಳವಾದರೆ ತೊಟ್ಟಿನಲ್ಲಿ ಮುಳ್ಳು ಇರುತ್ತದೆ, ತಿಳಿಹಸಿರು ಮೈಯಲ್ಲಿ ಬಿಳಿ ಗೀರು, ಸಿಪ್ಪೆ ತೆಳು. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಬದನೆ ಇದು. ಹೆಸರಿಗೆ ಬೆಲೆ ಇರುವುದರಿಂದ ಬೇರೆ ದುಂಡು ಬದನೆಯನ್ನೂ ಗುಳ್ಳವೆಂದೇ ಮಾರುವವರಿದ್ದಾರೆ. ಹೆಬ್ಬೆರಳಲ್ಲಿ ಒತ್ತಿದರೆ ಗುಂಡಿ ಉಳಿಯಬಾರದು. ಹೆಚ್ಚಿದಾಗ ಬೀಜ ಕಂದಾಗಿದ್ದರೆ ಬಲಿತದ್ದು, ಕಹಿ ಬರಬಹುದು.

ಮನೆಗೆ ಬಂದವರೇ ಮೊದಲು ಕುಚ್ಚಲಕ್ಕಿ ಒಲೆಗಿಡಿ. ತೆರೆದ ಪಾತ್ರೆಯಲ್ಲಿ ಅದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು. ಉಳಿದದ್ದೆಲ್ಲ ಅಷ್ಟರೊಳಗೆ ಮುಗಿಯುತ್ತದೆ.

ನಾಲ್ವರಿಗೆ ಅರ್ಧ ಕಪ್ ತೊಗರಿಬೇಳೆಯನ್ನು ಚಿಟಿಕೆ ಅರಸಿನ ಹಾಕಿ ಕುಕ್ಕರಿನಲ್ಲಿ 4 ಸೀಟಿ ಕೂಗಿಸಿ. ಗುಳ್ಳವನ್ನು ಇದರ ಜತೆ ಹಾಕಬೇಡಿ, ಕರಗಿ ಹೋಗುತ್ತದೆ. ಎರಡು ಮಧ್ಯಮ ಗಾತ್ರದ ಗುಳ್ಳವನ್ನು ದೊಡ್ಡ ಹೋಳು ಮಾಡಿ, ಕಪ್ಪಾಗದಂತೆ ಆಗಿಂದಾಗ ನೀರಿಗೆ ಹಾಕುತ್ತಾ ಹೋಗಿ.

ಮಸಾಲೆಗೆ ಒಂದು ಚಮಚ ತೆಂಗಿನೆಣ್ಣೆಯಲ್ಲಿ, ಸಣ್ಣ ಉರಿಯಲ್ಲಿ, ಒಂದು ಚಮಚ ಉದ್ದಿನಬೇಳೆ, ಎರಡು ಚಮಚ ಕೊತ್ತಂಬರಿ ಬೀಜ, 5–6 ಬ್ಯಾಡಗಿ ಮೆಣಸು ಹುರಿಯಿರಿ. ಬೇಳೆ ಕೆಂಪಾಗುತ್ತಾ ಬಂದಾಗ ಹತ್ತೇ ಕಾಳು ಮೆಂತೆ, ಅರ್ಧ ಚಮಚ ಜೀರಿಗೆ, ಚೂರು ಇಂಗು. ಮೆಂತೆ ಕಪ್ಪಾದರೆ ಇಡೀ ಹುಳಿಯೇ ಕಹಿ. ಆಮೇಲೆ ಬೈಗುಳ ಮಾತ್ರ ಗುಳ್ಳಕ್ಕೆ! ಇದನ್ನು ಒಂದು ಕಪ್ ಹಸಿ ತೆಂಗಿನತುರಿಯ ಜತೆ ನುಣ್ಣಗೆ ರುಬ್ಬಿ.

ಇನ್ನು ಹೋಳು ಬೇಯಿಸುವುದು. ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಅಡಿಕೆಯಷ್ಟು ಬೆಲ್ಲ, ಉಪ್ಪು ಹಾಕಿದ ಎರಡು ಕಪ್ ನೀರು ಕುದಿ ಬಂದ ಮೇಲೆಯೇ ಹೋಳು ಬೀಳಬೇಕು. ಹುಳಿಯಲ್ಲಿ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಬೇಳೆಗೆ ಇದೇ ಗುಣ ತೊಂದರೆ, ಹಾಗಾಗಿ ಅದನ್ನು ಬೇರೆಯೇ ಬೇಯಿಸಿದ್ದು. ಗುಳ್ಳಕ್ಕೆ ಇದೇ ರಕ್ಷೆ. ಏಳೆಂಟು ನಿಮಿಷ ಸಾಕು. ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು, ಹೋಳು ಒಡೆಯಬಾರದು. ಬೆಂದ ಬೇಳೆ, ಮಸಾಲೆ ಸೇರಿಸಿ ಐದು ನಿಮಿಷ ಕುದಿಸಿ. ಸೌಟನ್ನು ತಳದಿಂದ ಮೆಲ್ಲಗೆ ಆಡಿಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ಹತ್ತು ನಿಮಿಷ ಮುಚ್ಚಿಟ್ಟರೆ ಹೋಳಿಗೆ ಉಪ್ಪು ಹುಳಿ ಹಿಡಿಯುತ್ತದೆ. ರಾತ್ರಿಗೂ ಉಳಿಸುವುದಾದರೆ ಸಂಜೆ ಇನ್ನೊಮ್ಮೆ ಕುದಿಸಿಡಿ. ನಮ್ಮ ಕರಾವಳಿಯ ಸೆಕೆಗೆ ತೆಂಗಿನಕಾಯಿ ಹಾಕಿದ್ದು ಬೇಗ ಹಳಸುತ್ತದೆ.

ಅನ್ನ ಇನ್ನೂ ಬಸಿದಿಲ್ಲವೇ? ಸಂತೆಯಿಂದ ಒಂದು ಕಟ್ಟು ತಿಮರೆಯನ್ನೂ (ಒಂದೆಲಗ) ತಂದಿದ್ದರೆ ತಂಬುಳಿಗೆ ಹೊತ್ತಿದೆ. ಒಂದು ಹಿಡಿ ಎಲೆ ತೊಳೆದು, ತುಪ್ಪದಲ್ಲಿ ಹುರಿದ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಕಾಲು ಕಪ್ ತೆಂಗಿನತುರಿಯೊಂದಿಗೆ ರುಬ್ಬಿ ಉಪ್ಪು ಹಾಕಿ. ಊಟಕ್ಕೆ ಕೂರುವಾಗ ಒಂದು ಕಪ್ ಮಜ್ಜಿಗೆ ಬೆರೆಸಿ. ಬಿಸಿ ಮಾಡಲು ಹೋಗಬೇಡಿ, ಒಡೆಯುತ್ತದೆ.