ಕರಾಟೆಯ ಜಪಾನೀ ಪದಗಳು: ಉರು ಹೊಡೆಯದೆ ಒಡೆದು ಕಲಿಯಿರಿ

ಪಟ್ಟುಗಳ ಹೆಸರುಗಳು ಉದ್ದವಾಗಿ ಕಂಡರೂ ಬಿಡಿಭಾಗಗಳು ಕೆಲವೇ. ಮೊದಲು ಎತ್ತರ: ಜೋದಾನ್ ಎಂದರೆ ತಲೆ-ಕುತ್ತಿಗೆ, ಚೂದಾನ್ ಎದೆ-ಹೊಟ್ಟೆ, ಗೆದಾನ್ ಸೊಂಟದ ಕೆಳಗೆ. ಆಮೇಲೆ ಕ್ರಿಯೆ: ತ್ಸುಕಿ ಗುದ್ದು, ಕೆರಿ ಒದೆತ, ಉಕೆ ತಡೆ. ಉಕೆಯ ಮೂಲ ಅರ್ಥ ‘ಬರಮಾಡಿಕೊಳ್ಳುವುದು’. ಏಟಿಗೆ ಕೈಯನ್ನು ಸುಮ್ಮನೆ ಅಡ್ಡ ಹಿಡಿಯುವುದಲ್ಲ.

ಹೊಸಬರು ತಬ್ಬಿಬ್ಬಾಗುವುದು ಇಲ್ಲಿ: ಕೆರಿ ಕಲಿತವರಿಗೆ ‘ಮಾಎ ಗೆರಿ’ (ಮುಂದಕ್ಕೆ ಒದೆತ) ಕೇಳಿಸುತ್ತದೆ. ಮಳೆ, ಕಾಲ ಸೇರಿ ಮಳೆಗಾಲ ಆಗುವುದಿಲ್ಲವೇ? ಹಾಗೆಯೇ ಇದು, ಜಪಾನಿನ ಆದೇಶ ಸಂಧಿ ಎನ್ನಿ. ನಿಲುವಿನ ತಾಚಿ ‘ಕಿಬಾ ದಾಚಿ’ಯಲ್ಲಿ ದಾಚಿ; ತ್ಸುಕಿ ‘ಓಯಿ ಝುಕಿ’ಯಲ್ಲಿ ಝುಕಿ. ಓಯಿ ಝುಕಿಯಲ್ಲಿ ಮುಂದಿಟ್ಟ ಕಾಲಿನ ಕಡೆಯ ಕೈಯೇ ಗುದ್ದುತ್ತದೆ. ಗ್ಯಾಕು ಝುಕಿಯಲ್ಲಿ ಇನ್ನೊಂದು ಕೈ.

ಎಣಿಕೆ: ಇಚಿ, ನಿ, ಸಾನ್, ಶಿ, ಗೊ, ರೊಕು, ಶಿಚಿ, ಹಚಿ, ಕು, ಜೂ. ಜೋರಾಗಿ ಕೂಗುವಾಗ ಕೊನೆಯ ‘ಇ’ ಸವೆದು ಇಚ್, ಶಿಚ್, ಹಚ್ ಎನಿಸುತ್ತದೆ. 1 ಮತ್ತು 7 ಕಲಸಿಹೋಗುವುದು ಹೀಗೆ. ಅದಕ್ಕೇ 7ಕ್ಕೆ ‘ನಾನಾ’ ಎನ್ನುವವರೂ ಇದ್ದಾರೆ.

ಆಜ್ಞೆಗಳಲ್ಲಿ ‘ಹಜಿಮೆ’ ಎಂದರೆ ಶುರು. ‘ಯಮೆ’ ಎಂದರೆ ನಿಲ್ಲಿಸಿ. ಜೊತೆಗಾರರೊಡನೆ ಅಭ್ಯಾಸಕ್ಕೆ ಇಳಿಯುವ ಮೊದಲು ಇದೊಂದು ಕಿವಿಗೆ ಪಳಗಿರಲೇಬೇಕು.