ಡೇನಿಷ್ ಹಡಗಿನ ಹಳೆಯ ಕಟ್ಟಳೆಗಳನ್ನು ನಾನು ಓದಿದ ಬಗೆ

ನಾನು ಸರಕು ಹಡಗಿನಲ್ಲಿ ಅಧಿಕಾರಿ, ಮಂಗಳೂರು ಕಡೆಯವನು. ರಜೆಯಲ್ಲಿ ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ ಹೋಗಿ ಡೇನರು ಕಟ್ಟಿದ ಡ್ಯಾನ್ಸ್‌ಬೋರ್ಗ್ ಕೋಟೆ ನೋಡಿದ್ದೆ. ಅದನ್ನು ಕಟ್ಟಲು ಬಂದ ನಾವಿಕರು ಹಡಗಿನಲ್ಲಿ ಹೇಗೆ ಬದುಕಿದರು ಎಂದು ಆಮೇಲೆ ಹುಡುಕತೊಡಗಿದೆ.

ಡೇನಿಷ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1616ರಲ್ಲಿ. 1618ರ ಕೊನೆಗೆ ಡೇನಿಷ್ ನೌಕಾಧಿಕಾರಿ ಓವೆ ಗೆಡ್ಡೆಯ ಹಡಗುಗಳು ಕೋಪನ್‌ಹೇಗನ್ ಬಿಟ್ಟವು. ಸಿಲೋನ್ (ಈಗಿನ ಶ್ರೀಲಂಕಾ) ಕಂಡದ್ದು 1620ರ ಮೇ ತಿಂಗಳಲ್ಲಿ. ದಾರಿಯಲ್ಲೇ ತುಂಬಾ ಜನ ಸತ್ತಿದ್ದರು. 1622ರಲ್ಲಿ ಇದೇ ದಾರಿ ಹಿಡಿದ ಐಸ್‌ಲ್ಯಾಂಡಿನ ಫಿರಂಗಿಯಾಳು ಯೋನ್ ಓಲಾಫ್ಸನ್ ತನ್ನ ನೆನಪುಗಳನ್ನು ಬರೆದಿಟ್ಟಿದ್ದಾನೆ. ಸಾಮಾನ್ಯ ನಾವಿಕನ ಕಣ್ಣಲ್ಲಿ ಆ ಬದುಕು ಸಿಗುವುದು ಇಂಥ ಬರಹದಲ್ಲೇ.

ಆ ಕಾಲದ ಹಡಗಿನ ಕಟ್ಟಳೆಗಳನ್ನು ಓದುವವರು ಮೊದಲು ಹಿಡಿಯುವುದು ಶಿಕ್ಷೆಗಳನ್ನು. ಜಗಳದಲ್ಲಿ ಚೂರಿ ಎಳೆದವನ ಕೈಯನ್ನು ಅದೇ ಚೂರಿಯಿಂದ ಹಾಯಿಕಂಬಕ್ಕೆ ಚುಚ್ಚುವುದು, ಹಗ್ಗ ಕಟ್ಟಿ ಹಡಗಿನ ಅಡಿಯಿಂದ ಎಳೆಯುವುದು. ಆ ಕಾಲದ ಉತ್ತರ ಯೂರೋಪಿನ ಹಡಗುಗಳಲ್ಲಿ ಇವು ಗೊತ್ತಿದ್ದ ಶಿಕ್ಷೆಗಳೇ. ನಾನು ಶಿಕ್ಷೆಯನ್ನು ಬದಿಗಿಟ್ಟೆ. ಪ್ರತಿ ನಿಯಮದ ಮುಂದೆ ಒಂದೇ ಪ್ರಶ್ನೆ ಬರೆದುಕೊಂಡೆ: ಇಲ್ಲಿ ಯಾವುದಕ್ಕೆ ಹೆದರಿದ್ದಾರೆ?

ಉತ್ತರ ಬೇಗ ಸಿಕ್ಕಿತು. ಕಾವಲಿಲ್ಲದೆ ಬಿಟ್ಟ ದೀಪ ಎಂದರೆ ಬೆಂಕಿ. ಮರ, ಡಾಂಬರು, ಹಗ್ಗ, ಕೆಳಗೆ ಸಿಡಿಮದ್ದಿನ ಪೀಪಾಯಿ. ಓಡಲು ಜಾಗವೇ ಇಲ್ಲ. ವಾಚ್‌ನಲ್ಲಿ, ಅಂದರೆ ಕಾವಲು ಪಾಳಿಯಲ್ಲಿ, ನಿದ್ದೆ ಹೋದರೆ ಎಲ್ಲರಿಗೂ ಅಪಾಯ. ರೊಟ್ಟಿ, ಬಿಯರ್ ಕದ್ದರೆ ಉಳಿದವರ ಪಾಲು ಕಡಿಮೆ. ಜೂಜಿನಿಂದ ಜಗಳ, ಜಗಳದಿಂದ ಚೂರಿ. ಬೆಳಿಗ್ಗೆ ಸಂಜೆ ಪ್ರಾರ್ಥನೆ ಕೂಡ ಇತ್ತು. ಅದು ಬರೀ ಭಕ್ತಿ ಅಲ್ಲ ಅನ್ನಿಸುತ್ತದೆ. ದಿನಕ್ಕೆ ಎರಡು ಸಲ ಎಲ್ಲರೂ ಒಂದೆಡೆ ಸೇರಿದರೆ ಯಾರು ಕಾಯಿಲೆ ಬಿದ್ದಿದ್ದಾರೆ, ಯಾರ ಮುಖ ಬಾಡಿದೆ ಎಂದು ಗೊತ್ತಾಗುತ್ತದೆ, ಅಲ್ವಾ?

ಈಗಿನ ನಮ್ಮ ಹಡಗಿನಲ್ಲೂ ಭಯಗಳು ಹೆಚ್ಚು ಕಡಿಮೆ ಅವೇ. ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ನಿದ್ದೆ ಹೋದರೆ ಅಲಾರಂ ಹೊಡೆಯುತ್ತದೆ. ಆದರೆ 2006ರ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದ ಇನ್ನೊಂದು ಮಾತು ಸೇರಿಸಿದೆ: ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ. ನಿದ್ದೆಗೆಟ್ಟವನನ್ನು ದಂಡಿಸುವ ಮೊದಲು ಅವನಿಗೆ ನಿದ್ದೆ ಕೊಡಬೇಕು ಎಂಬ ತಿಳುವಳಿಕೆ ಬರಲು ಎಷ್ಟು ಕಾಲ ಬೇಕಾಯಿತು!

ತರಬೇತಿಗೆ ಬರುವ ಹೊಸ ಕೆಡೆಟ್‌ಗಳಿಗೆ ನಿಯಮ ಹೇಳುವಾಗ ನಾನು ಇದೇ ದಾರಿ ಹಿಡಿಯುತ್ತೇನೆ. ಮೊದಲು ಭಯ, ಆಮೇಲೆ ನಿಯಮ. ಕೊನೆಗೆ ದೂರು ಕೊಡುವ ವಿಧಾನದ ಹಾಳೆಯನ್ನು ಅವರ ಕೈಗಿಟ್ಟು, ನಾನು ತಪ್ಪಿದರೆ ಯಾರ ಬಳಿ ಹೋಗಬೇಕು ಎಂದು ತೋರಿಸುತ್ತೇನೆ.