ಜಪಾನಿ ಅನಿಮೆಗೆ ಕನ್ನಡ ದನಿ: ಮನೆಯಲ್ಲೇ ತಾಲೀಮು
1986ರಿಂದ ಜಪಾನಿನ ಅನಿಮೆ (ಕಾರ್ಟೂನ್) ‘ಡ್ರ್ಯಾಗನ್ ಬಾಲ್’ನ ನಾಯಕ ಗೊಕುವಿಗೆ ದನಿ ಕೊಡುತ್ತಿರುವ ಮಸಾಕೊ ನೊಜಾವಾ ಬಾಲನಟಿಯಾಗಿ ಸಿನಿಮಾಕ್ಕೆ ಬಂದವರು. ಧಾರವಾಡದ ನಾಟಕದವರಿಗೂ ಅನಿಮೆಗೆ ಕನ್ನಡದಲ್ಲಿ ದನಿ ಕೊಡುವ ಕೆಲಸ ಒಗ್ಗುತ್ತದೆ, ಆದರೆ ರಂಗದ ದನಿ ಮೈಕಿಗೆ ಜಾಸ್ತಿಯಾಗುತ್ತದೆ.

ಮೊದಲು ಕೋಣೆ. ಶಹಾಬಾದ ಕಲ್ಲಿನ ನೆಲ, ಬರಿ ಗೋಡೆ ಇದ್ದರೆ ದನಿ ಗುಂಯ್ ಅನ್ನುತ್ತದೆ. ಬೆನ್ನ ಹಿಂದೆ ಎರಡು ಕೌದಿ ತೂಗುಹಾಕಿ, ಕೆಳಗೆ ಜಮಖಾನೆ ಹಾಸಿ, ಫ್ಯಾನ್ ಬಂದ್ ಮಾಡಿ. ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಇಟ್ಟರೆ ‘ಪ’, ‘ಭ’ ಬಂದಾಗ ಗಾಳಿ ಬಡಿದು ಢಬ್ ಎನ್ನುತ್ತದೆ. ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಅತಿ ಜೋರಿನ ಮಾತೂ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟಬಾರದು.

ನಿಜವಾದ ಕಷ್ಟ ಪಾತ್ರದ ತುಟಿಗೆ ಮಾತು ಹೊಂದಿಸುವುದು. ಅನಿಮೆಯಲ್ಲಿ ಬಾಯಿಗೆ ಸಾಮಾನ್ಯವಾಗಿ ಮೂರೇ ಚಿತ್ರ: ಮುಚ್ಚಿದ್ದು, ಅರೆ ತೆರೆದದ್ದು, ಪೂರಾ ತೆರೆದದ್ದು. ಹಾಗಾಗಿ ಅಕ್ಷರಕ್ಕಕ್ಷರ ಕೂಡಿಸುವ ಗೋಜಿಲ್ಲ. ಶುರು, ಕೊನೆ, ನಡುವಿನ ತಡೆ ಕೂಡಿದರೆ ಸಾಕು. ‘ನಾನು ಹೋಗುತ್ತೇನೆ’ ಉದ್ದವಾಯಿತೇ? ‘ಹೊಂಟೆ’ ಅನ್ನಿ. ನಮ್ಮ ಕಡೆಯ ಮಾತು ಇಲ್ಲಿ ಭಾಳ ಉಪಯೋಗಕ್ಕೆ ಬರುತ್ತದೆ.

ಜಪಾನಿನಲ್ಲಿ ಹಲವು ಕಲಾವಿದರು ಒಂದೇ ಸ್ಟುಡಿಯೋದಲ್ಲಿ ಸ್ಕ್ರಿಪ್ಟ್ ಹಿಡಿದು, ಸರದಿ ಮೇಲೆ ಮೈಕಿನ ಮುಂದೆ ನಿಲ್ಲುವ ರೂಢಿಯಿದೆ. ಹಾಳೆ ಸಪ್ಪಳ ಮಾಡಿದರೆ ಟೇಕ್ ಕೆಟ್ಟಿತು. ಮೂಲೆಗಳನ್ನು ಮೊದಲೇ ಮಡಚಿಡಿ. ಚೀರುವ ಸಾಲುಗಳನ್ನು ಕಡೆಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಉಳಿದ ಮಾತೆಲ್ಲ ಒಡಕು ದನಿಯಲ್ಲಿ ಬರುತ್ತವೆ.